ದುಡಿಯುವ ಪಶುಗಳೂ ರೈತನ ಹೊಣೆಯೂ

ಅಫಜಲಪುರ ತಾಲ್ಲೂಕಿನ ಹವಳಗಾ ಹಾಗೂ ಅದರ ಸುತ್ತಲಿನ ಭೀಮಾ ತೀರದ ಹಳ್ಳಿಗಳಲ್ಲಿ ಎತ್ತಿನ ಪಾಲಿಗೆ ವರ್ಷದಲ್ಲಿ ಎರಡು ಬಗೆಯ ದಿನಗಳಿವೆ. ಜ್ಯೇಷ್ಠ ಮಾಸದ ಕಾರ ಹುಣ್ಣಿಮೆಯಂದು ಅದರ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕೋಡಣಸು ಕಟ್ಟಿ, ಝೂಲ ಹೊದಿಸಿ, ಹೋಳಿಗೆ ತಿನ್ನಿಸಿ ಊರೊಳಗೆ ಮೆರೆಸುತ್ತಾರೆ. ಮುಂದೆ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಮಣ್ಣಿನಲ್ಲಿ ಮಾಡಿದ ಎತ್ತಿಗೂ ಪೂಜೆ ಸಲ್ಲುತ್ತದೆ. ಇದೊಂದು ಬಗೆಯ ದಿನ. ಕಬ್ಬು ಕಡಿಯುವ ಕಾಲ ಬಂದಾಗ, ಇಲ್ಲವೆ ತೊಗರಿ ಜೋಳಗಳ ರಾಶಿಯ ಕಾಲದಲ್ಲಿ, ಅದೇ ಎತ್ತಿನ ಹೆಗಲ ಮೇಲೆ ಎಷ್ಟು ಹೊರೆ ಬಿದ್ದಿದೆ ಎಂದು ಕೇಳುವವರು ಕಡಿಮೆ. ಇದು ಇನ್ನೊಂದು ಬಗೆಯ ದಿನ. ಮೊದಲನೆಯದು ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಎರಡನೆಯದು ಉಳಿದೆಲ್ಲ ದಿನಗಳನ್ನೂ ತುಂಬಿಕೊಂಡಿದೆ.

ಪಶುಗಳನ್ನು ಮನುಷ್ಯನು ಹೇಗೆ ನಡೆಸಿಕೊಳ್ಳಬೇಕು ಎಂಬ ಮಾತು ಬಂದಾಗಲೆಲ್ಲ ಚರ್ಚೆಯು ಮಾಂಸ ತಿನ್ನಬೇಕೇ ಬೇಡವೇ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ತಿನ್ನದವರು ತಮ್ಮ ಪಾಲಿನ ಕರ್ತವ್ಯ ಮುಗಿಯಿತೆಂದು ತಿಳಿಯುತ್ತಾರೆ. ತಿನ್ನುವವರು ತಮಗೆ ಈ ಮಾತು ಸಂಬಂಧಿಸಿಲ್ಲವೆಂದು ಎದ್ದು ಹೋಗುತ್ತಾರೆ. ಆದರೆ ಪಶುವಿನ ದುಡಿಮೆಯ ಬಾಳು ಸುಮಾರು ಹತ್ತು ವರ್ಷಗಳದು. ಅದರ ಸಾವು ಒಂದು ಗಳಿಗೆಯದು. ಆ ಒಂದು ಗಳಿಗೆಯನ್ನು ಕುರಿತು ವಾದಿಸುತ್ತ ಹತ್ತು ವರ್ಷಗಳನ್ನು ಮರೆಯುವುದು ತಕ್ಕದ್ದಲ್ಲ. ಆದುದರಿಂದ ಈ ಲೇಖನದಲ್ಲಿ ಮೊದಲು ದುಡಿಯುವ ಎತ್ತಿನ ಹೊರೆ, ಹೊತ್ತು ಮತ್ತು ಹೆಗಲು, ಬಳಿಕ ಅದರ ಮುಪ್ಪು, ಕೊನೆಗೆ ಮಾಂಸದ ಪ್ರಶ್ನೆ ಎಂಬ ಕ್ರಮದಲ್ಲಿ ವಿಷಯವನ್ನು ವಿವರಿಸಲಾಗಿದೆ.

ಹಿರಿಯರ ದಾರಿ

ಜೀವದಯೆಯು ಈ ನಾಡಿಗೆ ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದ ಶರಣರು ದಯೆಯಿಲ್ಲದ ಧರ್ಮಾಚರಣೆಯನ್ನು ಒಪ್ಪಲಿಲ್ಲ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಬೇಸಾಯ ಮಾಡಿ ಬಾಳಿದ ಕಲಬುರ್ಗಿಯ ಶರಣಬಸವೇಶ್ವರರು ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರಿಟ್ಟು ಕಾಳು ತಿನ್ನಲು ಬಿಟ್ಟರೆಂಬ ಕಥೆಯನ್ನು ಈ ಭಾಗದ ಮನೆಮನೆಯಲ್ಲಿ ಹೇಳುತ್ತಾರೆ. ಈ ಕಥೆಯ ಹಿರಿಮೆ ಇರುವುದು ಅದು ಹೊಲದಲ್ಲಿ ನಡೆದುದರಲ್ಲಿ. ರೈತನು ತನ್ನ ದುಡಿಮೆಯ ನಡುವೆಯೇ ದಯೆ ತೋರಬಲ್ಲನೆಂದು ಅದು ತಿಳಿಸುತ್ತದೆ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅಲ್ಲಿಯೇ ಗೋರಕ್ಷಣಾ ಪರಿಷತ್ತೂ ಸೇರಿತ್ತು. ಎರಡಕ್ಕೂ ಗಾಂಧೀಜಿಯವರೇ ಅಧ್ಯಕ್ಷರಾಗಿದ್ದರು. ಗೋರಕ್ಷಣೆಯೆಂದರೆ ಮೊದಲು ತಮ್ಮ ತಮ್ಮ ಕೊಟ್ಟಿಗೆಯ ದನಗಳನ್ನು ಸರಿಯಾಗಿ ನೋಡಿಕೊಳ್ಳುವುದು, ಎತ್ತಿಗೆ ತಿವಿಯುವುದನ್ನೂ ಮಿತಿಮೀರಿ ಹೊರೆ ಹೇರುವುದನ್ನೂ ಬಿಡುವುದು ಎಂಬುದು ಅವರು 1909ರ 'ಹಿಂದ್ ಸ್ವರಾಜ್' ಕಾಲದಿಂದಲೂ ಹೇಳುತ್ತ ಬಂದ ವಿಚಾರ. ಇತರರ ಕೈ ಹಿಡಿಯುವುದಕ್ಕಿಂತ ತನ್ನ ಕೈಯ ಬಾರಕೋಲನ್ನು ನೋಡಿಕೊಳ್ಳುವುದು ಮೊದಲಿನ ಕೆಲಸವೆಂದು ಇದರ ತಾತ್ಪರ್ಯ.

ಸ್ವಾತಂತ್ರ್ಯ ಬಂದ ಮೇಲೆ ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ ಅಂಗೀಕಾರವಾಯಿತು. ಪ್ರಾಣಿಯನ್ನು ಹೊಡೆಯುವುದು, ಅತಿಯಾಗಿ ಓಡಿಸುವುದು, ಅತಿಯಾಗಿ ಹೊರೆ ಹೇರುವುದು, ಹುಣ್ಣಾದ ಅಥವಾ ಮುಪ್ಪಾದ ಪ್ರಾಣಿಯಿಂದ ದುಡಿಸುವುದು, ನೀರು ಮೇವು ಕೊಡದಿರುವುದು ಇವೆಲ್ಲ ಈ ಕಾಯಿದೆಯ ಪ್ರಕಾರ ಅಪರಾಧಗಳು. 1976ರಲ್ಲಿ ಸಂವಿಧಾನಕ್ಕೆ ಮಾಡಿದ 42ನೆಯ ತಿದ್ದುಪಡಿಯು ಜೀವಿಗಳ ಬಗ್ಗೆ ಕರುಣೆ ತೋರುವುದನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಹಸಿವು ಬಾಯಾರಿಕೆ, ಇರುವಲ್ಲಿ ತೊಂದರೆ, ನೋವು ರೋಗ, ಭಯ ಇವುಗಳಿಂದ ಬಿಡುಗಡೆ ಹಾಗೂ ತನ್ನ ಸಹಜ ಸ್ವಭಾವದಂತೆ ಇರುವ ಅವಕಾಶ, ಈ ಐದು ಪಶುಗಳಿಗೆ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರ ತೀರ್ಪಿನಲ್ಲಿ ಎತ್ತಿ ಹೇಳಿದೆ.

ಹೊರೆಯ ಲೆಕ್ಕ

ಎತ್ತಿಗೆ ಎಷ್ಟು ಹೊರೆ ನ್ಯಾಯವಾದುದು ಎಂಬುದನ್ನು ಊಹೆಯಿಂದ ಹೇಳಬೇಕಾಗಿಲ್ಲ. ಅದಕ್ಕೆ ಲೆಕ್ಕವಿದೆ. ಮೊದಲು ಎತ್ತಿನ ತೂಕ ತಿಳಿಯಬೇಕು. ತೂಕದ ಯಂತ್ರವಿಲ್ಲದ ಹಳ್ಳಿಯಲ್ಲಿ ಅಳತೆಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯ ತುದಿಯಿಂದ ಪೃಷ್ಠದ ಮೂಳೆಯ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರುಗಳಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ಎತ್ತಿನ ತೂಕ ಕಿಲೋಗ್ರಾಮುಗಳಲ್ಲಿ ಸುಮಾರಾಗಿ ಸಿಗುತ್ತದೆ. ಉದಾಹರಣೆಗೆ ಸುತ್ತಳತೆ 170 ಸೆಂ.ಮೀ. ಹಾಗೂ ಉದ್ದ 140 ಸೆಂ.ಮೀ. ಇದ್ದರೆ ತೂಕ ಸುಮಾರು 373 ಕಿ.ಗ್ರಾಂ. ಆಗುತ್ತದೆ.

ಎತ್ತು ದಿನವಿಡೀ ದಣಿವಿಲ್ಲದೆ ಎಳೆಯಬಲ್ಲ ಶಕ್ತಿ ಅದರ ತೂಕದ ಹತ್ತನೆಯ ಒಂದು ಪಾಲು ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಮೇಲಿನ ಅಳತೆಯ ಜೋಡಿಯು ಹೀಗೆ ಸುಮಾರು 74 ಕಿ.ಗ್ರಾಂ. ಎಳೆತವನ್ನು ತಡೆದುಕೊಳ್ಳುತ್ತದೆ. ಇನ್ನು ಬಂಡಿಯ ಕಡೆಗೆ ನೋಡೋಣ. ಬಂಡಿ ಮತ್ತು ಹೊರೆ ಸೇರಿ ಒಟ್ಟು 2,500 ಕಿ.ಗ್ರಾಂ. ಇದೆಯೆಂದು ಇಟ್ಟುಕೊಳ್ಳೋಣ. ಗಾಳಿ ತುಂಬಿದ ಟಾಯರಿನ ಬಂಡಿಯನ್ನು ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಎಳೆಯಲು ನೂರಕ್ಕೆ 2ರಿಂದ 3 ಪಾಲಿನ ಬಲ, ಎಂದರೆ 50ರಿಂದ 75 ಕಿ.ಗ್ರಾಂ. ಸಾಕು. ಅದೇ ಬಂಡಿ ಗಟ್ಟಿ ಮಣ್ಣಿನ ದಾರಿಗೆ ಇಳಿದರೆ ಬೇಕಾಗುವ ಬಲ ಇದರ ಎರಡು ಪಟ್ಟಾಗುತ್ತದೆ. ಹೊಲದ ಸಡಿಲ ಎರೆಮಣ್ಣಿನಲ್ಲಿ ಅದು 250 ಕಿ.ಗ್ರಾಂ. ಮೀರುತ್ತದೆ. ನೂರು ಅಡಿಗೆ ಹತ್ತಡಿ ಏರುವ ದಿಬ್ಬದಲ್ಲಿ ಏರಿನ ಸಲುವಾಗಿಯೇ ಮತ್ತೆ ಅಷ್ಟು ಬಲ ಬೇಕು. ರಸ್ತೆಯಲ್ಲಿ ಹಗುರವಾಗಿ ನಡೆದ ಎತ್ತು ಹೊಲದಲ್ಲಿ ಮೊಣಕಾಲೂರುವುದು ಸೋಮಾರಿತನದಿಂದಲ್ಲ. ಅಲ್ಲಿ ಅದರ ಪಾಲಿಗೆ ಹೊರೆ ಮೂರು ನಾಲ್ಕು ಪಟ್ಟು ಹೆಚ್ಚಿರುತ್ತದೆ. ಇಂತಹ ಜಾಗದಲ್ಲಿ ಬಾರಕೋಲು ಎತ್ತಿದರೆ ಲೆಕ್ಕ ಬದಲಾಗುವುದಿಲ್ಲ.

ಇದಕ್ಕೆ ಉಪಾಯ ಸುಲಭ. ಹೊಲದಿಂದ ರಸ್ತೆಯವರೆಗೆ ಅರ್ಧರ್ಧ ಹೊರೆಯಂತೆ ಎರಡು ಸಲ ಸಾಗಿಸಿ, ರಸ್ತೆಯ ಬದಿಯಲ್ಲಿ ಪೂರ್ತಿ ಹೊರೆ ಹೇರಿಕೊಳ್ಳಬೇಕು. ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ. ಆದರೆ ಮುರಿದ ಅಚ್ಚು, ಜಾರಿದ ಗೊರಸು, ಉಳುಕಿದ ಭುಜಗಳಿಂದಾಗುವ ನಷ್ಟ ತಪ್ಪುತ್ತದೆ.

ಕಾಯಿದೆಯೂ ಹೊರೆಗೆ ಮಿತಿ ಹಾಕಿದೆ. 1965ರ ಎಳೆಯುವ ಹಾಗೂ ಹೊರುವ ಪ್ರಾಣಿಗಳ ನಿಯಮಗಳ ಪ್ರಕಾರ ಎರಡು ಗಾಲಿಯ ಬಂಡಿಗೆ ಒಂದು ಎತ್ತಿನ ಲೆಕ್ಕದಲ್ಲಿ ಗರಿಷ್ಠ ಮಿತಿ ಹೀಗಿದೆ:

1. 200 ಕಿ.ಗ್ರಾಂ. ಮೀರದ ಚಿಕ್ಕ ಎತ್ತು: ಗಾಳಿ ಟಾಯರಿನ ಬಂಡಿಗೆ 750 ಕಿ.ಗ್ರಾಂ., ಟಾಯರಿಲ್ಲದ ಬಂಡಿಗೆ 500 ಕಿ.ಗ್ರಾಂ.

2. 200ರಿಂದ 350 ಕಿ.ಗ್ರಾಂ. ತೂಕದ ಮಧ್ಯಮ ಎತ್ತು: ಗಾಳಿ ಟಾಯರಿನ ಬಂಡಿಗೆ 1,050 ಕಿ.ಗ್ರಾಂ., ಟಾಯರಿಲ್ಲದ ಬಂಡಿಗೆ 700 ಕಿ.ಗ್ರಾಂ.

3. 350 ಕಿ.ಗ್ರಾಂ. ಮೀರಿದ ದೊಡ್ಡ ಎತ್ತು: ಗಾಳಿ ಟಾಯರಿನ ಬಂಡಿಗೆ 1,350 ಕಿ.ಗ್ರಾಂ., ಟಾಯರಿಲ್ಲದ ಬಂಡಿಗೆ 900 ಕಿ.ಗ್ರಾಂ.

ಜೋಡಿ ಹೂಡಿದಾಗ ಈ ಅಂಕಿಗಳು ಎರಡು ಪಟ್ಟಾಗುತ್ತವೆ. ದಾರಿಯಲ್ಲಿ ಒಂದು ಕಿಲೋಮೀಟರಿಗೆ ಕಡಿಮೆಯಿಲ್ಲದ ಏರು ಇದ್ದು, ಅದು 30 ಮೀಟರಿಗೆ 3 ಮೀಟರಿಗಿಂತ ಹೆಚ್ಚು ಕಡಿದಾಗಿದ್ದರೆ ಮಿತಿ ಅರ್ಧಕ್ಕಿಳಿಯುತ್ತದೆ. ಇದು ಗರಿಷ್ಠ ಮಿತಿಯೇ ಹೊರತು ದಿನವೂ ಹೇರಬೇಕಾದ ಹೊರೆಯಲ್ಲ ಎಂಬುದನ್ನು ಮರೆಯಬಾರದು. ಬಂಡಿಯ ಸ್ವಂತ ತೂಕವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಕ್ಷೇಮ.

ಹೊತ್ತು, ಬಿಸಿಲು, ನೀರು

ಇದೇ ನಿಯಮಗಳು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ಕೆಲಸವನ್ನೂ, ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸುವುದನ್ನೂ ತಡೆಯುತ್ತವೆ. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಮೀರಿದ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಬಂಡಿ ಹೂಡಬಾರದು. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಬೇಸಿಗೆಯನ್ನು ಬಲ್ಲವರಿಗೆ ಈ ನಿಯಮ ಎಷ್ಟು ದಿನಗಳಿಗೆ ಅನ್ವಯಿಸುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ನಸುಕಿನಲ್ಲಿ ಹೂಡಿ ಹತ್ತರ ಒಳಗೆ ಬಿಚ್ಚುವ ಹಿರಿಯರ ರೂಢಿ ಎಲ್ಲ ದೃಷ್ಟಿಯಿಂದಲೂ ಸರಿಯಾದುದು.

ದಣಿದ ಎತ್ತು ಬಾಯಿ ತೆರೆದು ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ನಾಲಗೆ ಹೊರಚಾಚುತ್ತದೆ, ಹೆಜ್ಜೆ ತಪ್ಪುತ್ತದೆ. ಈ ಚಿಹ್ನೆಗಳಲ್ಲಿ ಒಂದು ಕಂಡರೂ ಕೂಡಲೇ ನೊಗ ಇಳಿಸಿ ನೆರಳಿಗೆ ಕಟ್ಟಿ, ನೀರು ಕುಡಿಸಿ, ಮೈಮೇಲೆ ನೀರು ಹೊಯ್ಯಬೇಕು. ಕೋಣಗಳ ಮೈ ಕಪ್ಪು, ಬೆವರಿನ ಗ್ರಂಥಿಗಳೂ ಕಡಿಮೆ. ಆದುದರಿಂದ ಅವು ಎತ್ತಿಗಿಂತ ಬೇಗ ಬಿಸಿಲಿಗೆ ಸೋಲುತ್ತವೆ. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಗಾದೆಯಲ್ಲಿ ಈ ತಿಳಿವಳಿಕೆ ಅಡಗಿದೆ. ಎರಡನ್ನೂ ಒಂದೇ ನೊಗಕ್ಕೆ ಹೂಡಿದರೆ ಎರಡಕ್ಕೂ ಹಿಂಸೆ.

ದುಡಿಯುವ ಎತ್ತಿಗೆ ಬಿಸಿಲುಗಾಲದಲ್ಲಿ ದಿನಕ್ಕೆ 40ರಿಂದ 60 ಲೀಟರ್ ನೀರು ಬೇಕಾಗುತ್ತದೆ. ಅದನ್ನು ಮೂರು ನಾಲ್ಕು ಸಲ ಹಂಚಿ ಕುಡಿಸಬೇಕು. ಎತ್ತಿಗೆ ಮೆಲುಕು ಹಾಕಲು ದಿನದಲ್ಲಿ 6ರಿಂದ 8 ಗಂಟೆ ಬೇಕು. ರಾತ್ರಿಯಿಡೀ ಬಂಡಿಯಲ್ಲಿ, ಹಗಲೆಲ್ಲ ಹೊಲದಲ್ಲಿ ಕಳೆದರೆ ಹೊಟ್ಟೆ ತುಂಬ ಮೇವು ಹಾಕಿದರೂ ಅದು ಮೈಗೆ ಹತ್ತುವುದಿಲ್ಲ. ಕಬ್ಬಿನ ಕಾಲದಲ್ಲಿ ಹಸಿ ಸೋಗೆಯೊಂದನ್ನೇ ತಿನ್ನಿಸುವುದು ರೂಢಿಯಾಗಿದೆ. ಸೋಗೆಯಲ್ಲಿರುವ ಆಕ್ಸಲೇಟ್ ಅಂಶವು ಮೈಯೊಳಗಿನ ಸುಣ್ಣವನ್ನು ಹಿಡಿದಿಡುತ್ತದೆ. ಆದುದರಿಂದ ಸೋಗೆಯ ಜೊತೆಗೆ ಜೋಳದ ಕಣಿಕೆ, ತೊಗರಿ ಹೊಟ್ಟು, ದಿನಕ್ಕೆ 30ರಿಂದ 50 ಗ್ರಾಂ ಖನಿಜ ಮಿಶ್ರಣ ಹಾಗೂ ಅಷ್ಟೇ ಉಪ್ಪು ಕೊಡುವುದು ಅವಶ್ಯಕ. ಭಾರಿ ಕೆಲಸದ ದಿನಗಳಲ್ಲಿ ಒಂದೂವರೆಯಿಂದ ಎರಡು ಕಿಲೋ ಹಿಂಡಿ ನುಚ್ಚು ಸೇರಿಸಬೇಕು.

ಹೆಗಲು, ಗೊರಸು, ಕೊಂಬು

ಎರಡು ಗಾಲಿಯ ಬಂಡಿಯಲ್ಲಿ ಹೊರೆ ಮುಂದಕ್ಕೆ ವಾಲಿದರೆ ಅದರ ಭಾರ ನೇರವಾಗಿ ಎತ್ತಿನ ಕುತ್ತಿಗೆಯ ಮೇಲೆ ಕೂಡುತ್ತದೆ. ಹಿಂದಕ್ಕೆ ವಾಲಿದರೆ ನೊಗ ಮೇಲೆದ್ದು ಕೊರಳಪಟ್ಟಿ ಗಂಟಲನ್ನು ಬಿಗಿಯುತ್ತದೆ. ಹೊರೆ ಹೇರಿದ ಮೇಲೆ ನೊಗವನ್ನು ಒಬ್ಬ ಮನುಷ್ಯ ಎರಡು ಕೈಯಿಂದ ಸುಲಭವಾಗಿ ಎತ್ತುವಂತಿದ್ದರೆ ತೂಕ ಸರಿಯಾಗಿ ಕೂತಿದೆಯೆಂದು ತಿಳಿಯಬಹುದು. ಉರುಟಾದ, ಅಂಚು ಸವೆದ ನೊಗದಿಂದ ಹೆಗಲಿಗೆ ಮೊದಲು ಬಾವು, ಆಮೇಲೆ ಹುಣ್ಣು ಬರುತ್ತದೆ. ನೊಗದ ತಳವನ್ನು ಅಗಲವಾಗಿ, ನುಣುಪಾಗಿ ಕೆತ್ತಿಸಿ ಮೆತ್ತನೆಯ ಪಟ್ಟಿ ಸುತ್ತಬೇಕು. ಬಾವು ಕಂಡ ಎತ್ತಿಗೆ ಮಾಯುವವರೆಗೆ ಬಿಡುವು ಕೊಡಲೇಬೇಕು. ಹುಣ್ಣಿನ ಮೇಲೆ ನೊಗ ಇಡುವುದು ಕಾಯಿದೆಯ ಕಣ್ಣಿನಲ್ಲಿ ಅಪರಾಧ, ಕಣ್ಣಿದ್ದವನ ಕಣ್ಣಿನಲ್ಲಿ ಪಾಪ.

ಲಾಳವನ್ನು ಸವೆತ ನೋಡಿ ಕಾಲಕಾಲಕ್ಕೆ ಬದಲಿಸಬೇಕು. ಎತ್ತನ್ನು ಕೆಡವುವಾಗ ಕಲ್ಲಿನ ನೆಲವನ್ನು ಬಿಟ್ಟು ಮೆತ್ತನೆಯ ಜಾಗವನ್ನು ಆರಿಸಬೇಕು. ಅಂದಕ್ಕಾಗಿ ಕೊಂಬನ್ನು ಆಳವಾಗಿ ಹೆರೆಯುವುದು ಒಳ್ಳೆಯದಲ್ಲ. ಕೊಂಬಿನ ಬುಡದ ಕ್ಯಾನ್ಸರ್ ನಮ್ಮ ದೇಶದ ದುಡಿಯುವ ಎತ್ತುಗಳಲ್ಲಿ ಕಂಡುಬರುವ ರೋಗ. ಕೊಂಬಿಗೆ ಮತ್ತೆ ಮತ್ತೆ ಆಗುವ ಗಾಯ ಉಜ್ಜಾಟಗಳು ಅದಕ್ಕೆ ಒಂದು ಕಾರಣವೆಂದು ಎಣಿಸಲಾಗಿದೆ. ಹೋರಿಯ ಬೀಜ ಒಡೆಸುವ ಕೆಲಸವನ್ನು ಕಲ್ಲು ಕಟ್ಟಿಗೆಗಳಿಂದ ಮಾಡಿಸದೆ ಪಶು ಆಸ್ಪತ್ರೆಯಲ್ಲಿ ಬರ್ಡಿಜೊ ಇಕ್ಕಳದಿಂದ ಮಾಡಿಸಬೇಕು. ಮೊಳೆ ಹೊಡೆದ ಬಾರಕೋಲು ಹಾಗೂ ಮುಳ್ಳಿರುವ ನೊಗಗಳನ್ನು 1965ರ ನಿಯಮಗಳು ಪೂರ್ತಿಯಾಗಿ ನಿಷೇಧಿಸಿವೆ.

ಹೆಚ್ಚು ಹೊರೆ ಹೇರುವವರು ಯಾರು?

ಹೊರೆ ಹೆಚ್ಚಾದ ಬಂಡಿಯನ್ನು ಕಂಡವರು ಬಂಡಿ ಹೊಡೆಯುವವನನ್ನು ಬಯ್ಯುವುದುಂಟು. ಇದು ಪೂರ್ತಿ ನ್ಯಾಯವಲ್ಲ. ಕಬ್ಬಿನ ಹೆಚ್ಚಿನ ಪಾಲು ಈಗ ಟ್ರ್ಯಾಕ್ಟರುಗಳಲ್ಲಿ ಸಾಗುತ್ತಿದ್ದರೂ ಉತ್ತರ ಕರ್ನಾಟಕ ಹಾಗೂ ನೆರೆಯ ಮಹಾರಾಷ್ಟ್ರದ ಕಬ್ಬಿನ ಸೀಮೆಯಲ್ಲಿ ಟಾಯರ್ ಬಂಡಿಗಳು ಇನ್ನೂ ಉಳಿದಿವೆ. ಅವುಗಳನ್ನು ಹೊಡೆಯುವವರಲ್ಲಿ ಅನೇಕರು ಭೂಮಿಯಿಲ್ಲದವರು, ಮುಂಗಡ ಪಡೆದು ಹೆಂಡತಿ ಮಕ್ಕಳೊಡನೆ ಬಂದು ಕಬ್ಬಿನ ತೋಟದ ಬದಿಯ ಗುಡಿಸಲಿನಲ್ಲಿ ಇರುವವರು. ಇವರಿಗೆ ಕೂಲಿ ಸಿಗುವುದು ಟನ್ನಿನ ಲೆಕ್ಕದಲ್ಲಿ. ಒಂದು ಖೇಪು ಕಡಿಮೆಯಾದರೆ ಸಂಜೆಯ ರೊಟ್ಟಿಗೆ ಕೊರತೆ. ಎತ್ತಿನ ಹೆಗಲ ಮೇಲಿನ ಹೊರೆ ಮೊದಲು ಮನುಷ್ಯನ ಹೆಗಲ ಮೇಲೆ ಬಿದ್ದುದು.

ಆದುದರಿಂದ ಹೊಣೆಯನ್ನು ಹಂಚಿಕೊಳ್ಳಬೇಕು. ಕಬ್ಬಿನ ಒಡೆಯನು ಹೊಲದಿಂದ ರಸ್ತೆಗೆ ಬರುವ ದಾರಿಯನ್ನು ಕಟಾವಿಗೆ ಮೊದಲೇ ಸಮ ಮಾಡಿಸಿ ಗರಸು ಹಾಕಿಸಬೇಕು. ಇದೊಂದರಿಂದಲೇ ಎಳೆತದ ಕಷ್ಟ ಅರ್ಧಕ್ಕಿಳಿಯುತ್ತದೆ. ಕಬ್ಬು ಕೊಳ್ಳುವವರು ತೂಕದ ಸರದಿಯಲ್ಲಿ ಎತ್ತಿನ ಬಂಡಿಗಳಿಗೆ ಬೇರೆ ಸಾಲು, ನೀರಿನ ತೊಟ್ಟಿ, ನೆರಳು ಒದಗಿಸಬೇಕು. ಹೊರೆಯ ಮಿತಿಗೆ ತಕ್ಕಂತೆ ಖೇಪಿನ ದರ ಇಡಬೇಕು. ಸರದಿ ತಡವಾದಲ್ಲಿ ಬಂಡಿಯವನು ಎತ್ತುಗಳನ್ನು ಬಿಚ್ಚಿ, ಬಂಡಿಗೆ ಊರೆ ಕೊಟ್ಟು ನಿಲ್ಲಿಸಬೇಕು. ಕೆಲಸವಿಲ್ಲದ ಹೊತ್ತಿನಲ್ಲಿ ಎತ್ತನ್ನು ನೊಗದಲ್ಲೇ ನಿಲ್ಲಿಸಿಡುವುದು ನಿಯಮಕ್ಕೆ ವಿರೋಧ. ವಿಸ್ತರಣಾ ಕಾರ್ಯಕರ್ತರು ಈ ಮೂವರನ್ನೂ ಒಂದೆಡೆ ಕೂಡಿಸಿ ಮಾತನಾಡಿಸಿದರೆ ದಂಡ ಹಾಕಿಸುವುದಕ್ಕಿಂತ ಹೆಚ್ಚಿನ ಕೆಲಸವಾದೀತು.

ಮುಪ್ಪಾದ ಎತ್ತು

ಎತ್ತು ಮೂರನೆಯ ವರ್ಷಕ್ಕೆ ನೊಗ ಹೊತ್ತು ಹನ್ನೆರಡು ಹದಿನಾಲ್ಕು ವರ್ಷದವರೆಗೆ ದುಡಿಯುತ್ತದೆ. ಆಮೇಲೆ ಏನು ಎಂಬುದೇ ರೈತನಿಗೆ ಬಹು ಕಠಿಣ ಪ್ರಶ್ನೆ. ಕರ್ನಾಟಕದ 1964ರ ಕಾಯಿದೆಯು 12 ವರ್ಷ ಮೀರಿದ, ದುಡಿಮೆಗೆ ಬಾರದ ಎತ್ತುಗಳ ವಧೆಗೆ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. 2021ರಿಂದ ಜಾರಿಗೆ ಬಂದ 2020ರ ಕಾಯಿದೆಯು ಹಸು, ಕರು, ಹೋರಿ, ಎತ್ತುಗಳ ವಧೆಯನ್ನು ವಯಸ್ಸಿನ ಭೇದವಿಲ್ಲದೆ ನಿಷೇಧಿಸಿತು. 13 ವರ್ಷದೊಳಗಿನ ಎಮ್ಮೆ ಕೋಣಗಳನ್ನೂ ಇದರಲ್ಲಿ ಸೇರಿಸಿತು. ಹೀಗಾಗಿ ಮುದಿ ಎತ್ತನ್ನು ಸಂತೆಯಲ್ಲಿ ಕೊಳ್ಳುವವರು ಕಡಿಮೆಯಾದರು. ಇನ್ನೊಂದು ಕಡೆ, ಪ್ರಾಣಿಯನ್ನು ಹಸಿವು ನೀರಡಿಕೆಯಿಂದ ನರಳುವಂತೆ ಬೀದಿಗೆ ಬಿಡುವುದು 1960ರ ಕಾಯಿದೆಯ ಪ್ರಕಾರ ಅಪರಾಧ. ಮಾರುವಂತಿಲ್ಲ, ಬಿಡುವಂತಿಲ್ಲ, ಸಾಕಲು ಮೇವಿಲ್ಲ ಎಂಬ ಇಕ್ಕಟ್ಟಿನಲ್ಲಿ ಸಣ್ಣ ರೈತನಿದ್ದಾನೆ.

ಇದರ ಲೆಕ್ಕವನ್ನೂ ಮುಚ್ಚಿಡದೆ ನೋಡಬೇಕು. ದುಡಿಯದ ಎತ್ತಿಗೆ ದಿನಕ್ಕೆ ಸುಮಾರು 6 ಕಿಲೋ ಒಣ ಮೇವು ಬೇಕು. ವರ್ಷಕ್ಕೆ ಅದು ಸುಮಾರು 2,200 ಕಿಲೋ. ಒಣ ಬೇಸಾಯದ ಹಿಂಗಾರಿ ಜೋಳದಲ್ಲಿ ಎಕರೆಗೆ ಒಂದು ಟನ್ನಿನ ಆಸುಪಾಸು ಕಣಿಕೆ ಬರುತ್ತದೆಂದರೆ ಒಂದು ಮುದಿ ಎತ್ತಿಗೆ ಎರಡು ಎಕರೆಯ ಕಣಿಕೆ ಹೋಗುತ್ತದೆ. ಪ್ರತಿಯಾಗಿ ಅದು ದಿನಕ್ಕೆ 10 ಕಿಲೋದಂತೆ ವರ್ಷಕ್ಕೆ ಮೂರೂವರೆ ಟನ್ನಿಗೆ ಮೇಲ್ಪಟ್ಟು ಸಗಣಿ ಕೊಡುತ್ತದೆ. ಅದನ್ನು ಬಿಸಿಲಿಗೆ ಒಣಗಲು ಬಿಡದೆ ಗುಂಡಿಯಲ್ಲಿ ಕಸದೊಡನೆ ಕೊಳೆಸಿದರೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಇದರಿಂದ ಮೇವಿನ ಪೂರ್ತಿ ಬೆಲೆ ಮರಳಿ ಬರುತ್ತದೆಂದು ಹೇಳಲಾಗದು. ಉಳಿದದ್ದು ಹತ್ತು ವರ್ಷದ ದುಡಿಮೆಗೆ ರೈತನು ತೀರಿಸುವ ಸಾಲ.

ಈ ಸಾಲವನ್ನು ಕೊನೆಯ ವರ್ಷ ಒಮ್ಮೆಲೇ ತೀರಿಸಲು ಹೋದರೆ ಕಷ್ಟ. ಎತ್ತು ಕೊಂಡ ವರ್ಷದಿಂದಲೇ ಸಿದ್ಧತೆ ಬೇಕು. ಹೊಲದ ಬದುಗಳಲ್ಲಿ ಸುಬಾಬುಲ್, ಚೊಗಚೆ, ಮೇವಿನ ಹುಲ್ಲು ಬೆಳೆಸಿಕೊಳ್ಳಬಹುದು. ಕಣಿಕೆಯನ್ನು ಕತ್ತರಿಸಿ ಹಾಕಿದರೆ ಗೋದಲಿಯಲ್ಲಿ ಹಾಳಾಗುವ ಮೇವು ಉಳಿಯುತ್ತದೆ. ಹಲ್ಲು ಸವೆದ ಎತ್ತಿಗೆ ಇದು ಇನ್ನೂ ಅನುಕೂಲ. 100 ಕಿಲೋ ಒಣ ಮೇವಿಗೆ 4 ಕಿಲೋ ಯೂರಿಯಾವನ್ನು 50ರಿಂದ 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಸಮವಾಗಿ ಸಿಂಪಡಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಮೇವು ಮೆತ್ತಗಾಗಿ ಹೆಚ್ಚು ಜೀರ್ಣವಾಗುತ್ತದೆ. ಯೂರಿಯಾ ನೀರನ್ನು ದನಗಳು ಕುಡಿಯದಂತೆ ಎಚ್ಚರ ವಹಿಸಬೇಕು. ವಯಸ್ಸಾಗುತ್ತ ಬಂದ ಎತ್ತನ್ನು ಬಂಡಿಯಿಂದ ತಪ್ಪಿಸಿ, ಎಡೆ ಹೊಡೆಯುವುದು ಮುಂತಾದ ಹಗುರ ಕೆಲಸಕ್ಕೆ ಅರ್ಧ ದಿನ ಮಾತ್ರ ಹೂಡಬೇಕು. ಹತ್ತಾರು ಮನೆಯವರು ಸೇರಿ ಒಂದು ಕೊಟ್ಟಿಗೆ, ಒಂದು ಬಣವೆ, ಒಂದು ಗೊಬ್ಬರದ ಗುಂಡಿ ಮಾಡಿಕೊಂಡರೆ ಒಬ್ಬೊಬ್ಬರ ಭಾರ ಇಳಿಯುತ್ತದೆ. ಗುಣವಾಗದ ರೋಗದಿಂದ ನರಳುವ ಪಶುವಿನ ವಿಷಯದಲ್ಲಿ ಪಶುವೈದ್ಯರ ಸಲಹೆ ಪಡೆಯಬೇಕು. ಅಂತಹ ಯಾತನೆಯನ್ನು ಕೊನೆಗಾಣಿಸಲು ಕಾಯಿದೆಯಲ್ಲಿಯೂ ದಾರಿಯಿದೆ.

ಎತ್ತುಗಳೇ ಕಡಿಮೆಯಾಗುತ್ತಿವೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ದೇಶದಲ್ಲಿ 2012ರ ಗಣತಿಯಲ್ಲಿ ಸುಮಾರು 6.79 ಕೋಟಿ ಇದ್ದ ಹೋರಿ ಎತ್ತುಗಳು 2019ರ ಗಣತಿಯಲ್ಲಿ 4.74 ಕೋಟಿಗಿಳಿದವು. ಟ್ರ್ಯಾಕ್ಟರು ಬಂದುದೂ, ಮುದಿ ಎತ್ತಿನ ಚಿಂತೆಯೂ ಇದಕ್ಕೆ ಕಾರಣಗಳು. ದೇವಣಿ, ಕೃಷ್ಣಾ ತೀರ, ಖಿಲಾರಿಗಳಂತಹ ಈ ನಾಡಿನ ತಳಿಗಳು ಉಳಿಯಬೇಕಾದರೆ ಅವುಗಳ ಮುಪ್ಪಿಗೂ ಒಂದು ವ್ಯವಸ್ಥೆ ಬೇಕು.

ಮಾಂಸದ ಪ್ರಶ್ನೆ

ಈಗ ಮಾಂಸದ ಮಾತಿಗೆ ಬರಬಹುದು. ಇದರಲ್ಲಿ ಎರಡು ಪ್ರಾಮಾಣಿಕ ಅಭಿಪ್ರಾಯಗಳಿವೆ. ಬೇರೆ ಆಹಾರವಿರುವಾಗ ಜೀವ ತೆಗೆಯಲು ಕಾರಣವಿಲ್ಲವೆಂಬುದು ಒಂದು. ನೂರು ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿರುವ ಈ ತೊಗರಿಯ ಕಣಜದಲ್ಲಿ ಆ ಮಾತಿಗೆ ಬಲವಿದೆ. ಇನ್ನೊಂದು ಅಭಿಪ್ರಾಯ ಕುರಿಗಾರರದು. ಮನುಷ್ಯನು ತಿನ್ನಲಾಗದ ಹುಲ್ಲು, ಕೊಯ್ದ ಹೊಲದ ಕೂಳೆಗಳನ್ನು ಮೇಯ್ದು ಕುರಿ ಬೆಳೆಯುತ್ತದೆ. ಮಳೆ ಕೈಕೊಟ್ಟ ವರ್ಷ ಬಡವನ ಕೈಗೆ ಕಾಸು ತರುವುದು ಅದೇ. 2019ರ ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದವು. ಅವುಗಳನ್ನು ನಂಬಿದ ಕುಟುಂಬಗಳ ಅನ್ನವನ್ನು ಒಂದು ಮಾತಿನಿಂದ ತಳ್ಳಿಹಾಕಲಾಗದು. ಮಾಂಸ ತಿನ್ನದ ರೈತನೂ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಪಡೆಯುತ್ತಾನೆ. ಹಾಲು ಕುಡಿಯುವವನ ಮನೆಯಲ್ಲಿಯೂ ಗಂಡುಕರು ಹುಟ್ಟುತ್ತದೆ, ಹಸು ಬತ್ತುತ್ತದೆ. ಈ ಲೆಕ್ಕದಿಂದ ಪೂರ್ತಿ ಹೊರಗೆ ನಿಂತವರು ಯಾರೂ ಇಲ್ಲ.

ಈ ಎರಡು ಅಭಿಪ್ರಾಯಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದು ಅವರವರ ಮನಸ್ಸಿಗೆ ಬಿಟ್ಟದ್ದು. ಆದರೆ ಎರಡೂ ಒಂದು ಕಡೆ ಕೂಡುತ್ತವೆ. ಅನಾವಶ್ಯಕ ನೋವು ಕೊಡಬಾರದೆಂಬುದರಲ್ಲಿ ಭೇದವಿಲ್ಲ. 1960ರ ಕಾಯಿದೆಯೂ ಆಹಾರಕ್ಕಾಗಿ ವಧಿಸುವುದನ್ನು ಅಪರಾಧವೆಂದು ಎಣಿಸದೆ, ಅದರಲ್ಲಿ ಅನಾವಶ್ಯಕ ಯಾತನೆ ಸೇರಿದರೆ ಮಾತ್ರ ಅಪರಾಧವೆನ್ನುತ್ತದೆ. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಗಬ್ಬದ ಪ್ರಾಣಿಯನ್ನೂ, ಮೂರು ತಿಂಗಳೊಳಗಿನ ಮರಿಯನ್ನೂ, ಅಂತಹ ಮರಿಯಿರುವ ತಾಯಿಯನ್ನೂ ಕೊಯ್ಯುವಂತಿಲ್ಲ. ಒಂದು ಪ್ರಾಣಿಯ ಕಣ್ಣೆದುರಿಗೆ ಇನ್ನೊಂದನ್ನು ಕೊಯ್ಯುವಂತಿಲ್ಲ. ಪಶುವೈದ್ಯರು ಮೊದಲೇ ಪರೀಕ್ಷಿಸಿರಬೇಕು.

ಇದರಲ್ಲಿ ದಯೆಯ ಜೊತೆಗೆ ಲಾಭವೂ ಇದೆ. ಹೆದರಿ, ದಣಿದು, ಹಸಿದು ಬಂದ ಪ್ರಾಣಿಯ ಸ್ನಾಯುಗಳಲ್ಲಿ ಸಕ್ಕರೆಯ ಅಂಶ ಮುಗಿದಿರುತ್ತದೆ. ಅದರ ಮಾಂಸ ಕಪ್ಪಾಗಿ, ಗಟ್ಟಿಯಾಗಿ, ಬೇಗ ಕೆಡುತ್ತದೆ. ಆದುದರಿಂದ ಕುರಿ ಆಡುಗಳನ್ನು ಸಂತೆಗೆ ಒಯ್ಯುವಾಗ ಒಂದರ ಮೇಲೊಂದು ತುಂಬದೆ, ತಂಪು ಹೊತ್ತಿನಲ್ಲಿ ಸಾಗಿಸಿ, ಇಳಿಸಿದ ಮೇಲೆ ನೀರು ನೆರಳು ಕೊಡಬೇಕು. ಕಾಲು ಕಟ್ಟಿ ಸೈಕಲ್ಲಿಗೆ ತಲೆಕೆಳಗಾಗಿ ಕೋಳಿಗಳನ್ನು ತೂಗುಹಾಕುವ ರೂಢಿ ನಿಲ್ಲಬೇಕು. ಗಾಳಿಯಾಡುವ ಬುಟ್ಟಿಗೆ ಹೆಚ್ಚಿನ ಖರ್ಚಿಲ್ಲ.

ನೆನಪಿಡಬೇಕಾದ ಅಂಶಗಳು

1. ಎತ್ತಿನ ಎದೆಯ ಸುತ್ತಳತೆ ನೋಡಿ ತೂಕ ತಿಳಿದು, ಅದಕ್ಕೆ ತಕ್ಕ ಹೊರೆ ಹೇರಬೇಕು. ಸಡಿಲ ಎರೆಮಣ್ಣಿನಲ್ಲೂ ಏರಿನಲ್ಲೂ ಹೊರೆ ಅರ್ಧ ಮಾಡಬೇಕು.

2. ಐದು ಗಂಟೆಗೊಮ್ಮೆಯಾದರೂ ಬಿಚ್ಚಬೇಕು. ಬೇಸಿಗೆಯ ಮಧ್ಯಾಹ್ನ ಹೂಡಬಾರದು.

3. ಹೆಗಲಿನ ಬಾವು ಮಾಯುವವರೆಗೆ ನೊಗ ಇಡಬಾರದು. ಮೊಳೆಯ ಬಾರಕೋಲನ್ನು ಮನೆಯಲ್ಲಿಯೇ ಇಡಬಾರದು.

4. ದಾರಿ, ನೀರು, ಸರದಿ, ದರ ಇವುಗಳಲ್ಲಿ ಕಬ್ಬಿನ ಒಡೆಯ, ಕೊಳ್ಳುವವರು, ಬಂಡಿಯವರು ಹೊಣೆ ಹಂಚಿಕೊಳ್ಳಬೇಕು.

5. ಎತ್ತು ಕೊಂಡ ದಿನದಿಂದಲೇ ಅದರ ಮುಪ್ಪಿನ ಮೇವಿಗೆ ಯೋಜನೆ ಹಾಕಬೇಕು.

6. ಮಾರುವ, ಸಾಗಿಸುವ, ಕೊಯ್ಯುವ ಪ್ರತಿ ಹಂತದಲ್ಲೂ ಪ್ರಾಣಿಗೆ ಹೆದರಿಕೆ ನೋವುಗಳನ್ನು ತಪ್ಪಿಸಬೇಕು.

ರೈತ ಬಾಂಧವರು ಈ ಅಂಶಗಳನ್ನು ತಮ್ಮ ಊರಿನ ಪಶುವೈದ್ಯರೊಡನೆ ಹಾಗೂ ಕೃಷಿ ವಿಜ್ಞಾನ ಕೇಂದ್ರದ ತಜ್ಞರೊಡನೆ ಚರ್ಚಿಸಿ ಆಚರಣೆಗೆ ತರಬಹುದು. ಪಶುವು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಲಾರದು, ಕೂಲಿಯ ದರ ಕೇಳಲಾರದು, ಕೆಲಸ ಬಿಟ್ಟು ಹೋಗಲಾರದು. ಅದರ ಪರವಾಗಿ ಲೆಕ್ಕ ಹಾಕುವವನು ಅದನ್ನು ಸಾಕಿದ ರೈತನೊಬ್ಬನೇ. ಆ ಲೆಕ್ಕ ಸರಿಯಿದ್ದಲ್ಲಿ ಕಾರ ಹುಣ್ಣಿಮೆಯ ಪೂಜೆಗೂ ಅರ್ಥ ಬರುತ್ತದೆ.